ಕೋಳಿಗಳ ಅರ್ಬುದ ರೋಗವೂ ಅದರ ನಿವಾರಣೆಯ ಚರಿತ್ರೆಯೂ

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಕೋಳಿಗೆ ಕುಕ್ಕುಟ, ತಾಮ್ರಚೂಡ, ಚರಣಾಯುಧ ಎಂಬ ಹೆಸರುಗಳುಂಟೆಂಬುದು ತಿಳಿದಿರುವುದು. ಚರಣಾಯುಧವೆಂದರೆ ಕಾಲನ್ನೇ ಆಯುಧವಾಗಿ ಉಳ್ಳದ್ದು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಈ ಲೇಖಕನಿಗೆ ಕೋಳಿಯ ವಿಷಯದಲ್ಲಿ ಬಹುಕಾಲ ಇದ್ದ ಜ್ಞಾನವು ಇಷ್ಟೇ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಹೊಳಲೂರಿನಲ್ಲಿ ಉಪಾಧ್ಯಾಯನಾಗಿದ್ದಾಗ ಹುಡುಗನೊಬ್ಬನು ಪಾಠದ ಮಧ್ಯದಲ್ಲಿ ಎದ್ದುನಿಂತು, “ಮೇಷ್ಟ್ರೇ, ನಮ್ಮವ್ವ ಸಾಕಿದ ಕೋಳಿಗಳು ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿಕೊಂಡು ಬಿದ್ದಾವೆ. ಯಾಕೆ ಹಿಂಗೆ?” ಎಂದು ಕೇಳಿದನು. ತರಗತಿಯು ನಕ್ಕಿತು, ನಾನೂ ನಕ್ಕೆನು. ಕೋಳಿಗಿರುವ ಸಂಸ್ಕೃತದ ಹೆಸರುಗಳನ್ನು ಅವನಿಂದ ಮೂರು ಸಲ ಹೇಳಿಸಿ ಕುಳ್ಳಿರಿಸಿದೆನು. ಅವನು ಮತ್ತೆ ಕೇಳಲಿಲ್ಲ. ವಿಶ್ರಾಂತಿ ಪಡೆದ ಮೇಲೆ ವಿರಾಮದಿಂದ ಓದುತ್ತಿರುವಾಗ ಆ ಪ್ರಶ್ನೆಯು ಎಷ್ಟು ದೊಡ್ಡದಾಗಿತ್ತೆಂಬುದು ನನಗೆ ಗೊತ್ತಾಯಿತು. ತಡವಾಗಿ ಕಲಿತ ಆ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಶರೀರದಲ್ಲಿ ಮಾಂಸವು ಕ್ರಮ ತಪ್ಪಿ ಬೆಳೆದು ಗಡ್ಡೆಯಾಗುವುದನ್ನು ನಮ್ಮ ಸುಶ್ರುತಾಚಾರ್ಯರು ಅರ್ಬುದವೆಂದು ಕರೆದು, ಅದು ಇತರ ಬಾವುಗಳಂತೆ ಪಕ್ವವಾಗಿ ಕೀವಾಗುವುದಿಲ್ಲವೆಂದು ಗುರುತಿಸಿರುವರು. ಇಂಥ ರೋಗವು ಅಂಟುವುದುಂಟೆ? ಅಂಟುವುದಾದರೆ ಅಂಟಿಸುವ ವಸ್ತು ಯಾವುದು? ಇದೇ ಪ್ರಕೃತ ಚರಿತ್ರೆಯ ಮೂಲಪ್ರಶ್ನೆ. ವಿಷಾಣು ಅಥವಾ ವೈರಸ್ ಎಂಬ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯು ಕಾಣಿಸಿಕೊಂಡಂದಿನಿಂದ ಅದರ ಭಯವನ್ನು ನಾವು ಬಲ್ಲೆವು. ಆದರೆ ವಿಷಾಣುವು ಜ್ವರವನ್ನು ತರುವಂತೆ ಅರ್ಬುದವನ್ನೂ ತರಬಲ್ಲುದೆಂಬುದನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟ ಪ್ರಾಣಿಗಳಲ್ಲಿ ಕೋಳಿಯೇ ಮುಖ್ಯವಾದದ್ದು.

1907ರಲ್ಲಿ ಹಂಗೆರಿ ದೇಶದ ಪಶುವೈದ್ಯರಾದ ಯೋಜೆಫ್ ಮಾರೆಕ್ ಎಂಬವರು ಕಾಲು ರೆಕ್ಕೆಗಳ ಸ್ವಾಧೀನ ತಪ್ಪಿದ ನಾಲ್ಕು ಹುಂಜಗಳ ವೃತ್ತಾಂತವನ್ನು ಬರೆದರು. ಅವರು ಅದನ್ನು ನರಗಳ ಉರಿಯೂತವೆಂದೇ ಭಾವಿಸಿದ್ದರು. ಮರುವರ್ಷ, ಎಂದರೆ 1908ರಲ್ಲಿ, ಡೆನ್ಮಾರ್ಕಿನ ಎಲ್ಲರ್ಮನ್ ಮತ್ತು ಬಾಂಗ್ ಎಂಬಿಬ್ಬರು ರಕ್ತದ ಅರ್ಬುದವುಳ್ಳ ಕೋಳಿಯಿಂದ ಜೀವಕೋಶಗಳಿಲ್ಲದಂತೆ ಸೋಸಿದ ರಸವನ್ನು ತೆಗೆದು ಬೇರೆ ಕೋಳಿಗಳಿಗೆ ಚುಚ್ಚಿ, ಅವುಗಳಿಗೂ ಆ ರೋಗವನ್ನು ತರಿಸಿದರು. ಆದರೆ ರಕ್ತದ ಆ ವಿಕಾರವನ್ನು ಅಂದು ಅರ್ಬುದವೆಂದು ಯಾರೂ ಎಣಿಸುತ್ತಿರಲಿಲ್ಲವಾದ್ದರಿಂದ ವಿದ್ವಾಂಸರು ಅದನ್ನು ಲಕ್ಷಿಸಲಿಲ್ಲ.

ಅನಂತರ ಬಂದವರು ಅಮೆರಿಕದ ಪೇಟನ್ ರೌಸ್. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಇವರ ಬಳಿಗೆ 1909ರಲ್ಲಿ ಎದೆಯ ಮೇಲೆ ಗಡ್ಡೆಯಿದ್ದ ಪ್ಲಿಮತ್ ರಾಕ್ ಜಾತಿಯ ಒಂದು ಹೇಂಟೆಯು ಬಂದಿತು. ಅದನ್ನು ತಂದವನು ಒಬ್ಬ ರೈತನು. ರೌಸರು ಆ ಗಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾಗಳೂ ದಾಟಲಾರದ ಸೂಕ್ಷ್ಮ ಶೋಧಕದಲ್ಲಿ ಸೋಸಿ, ಆ ತಿಳಿರಸವನ್ನು ಅದೇ ತಳಿಯ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಅದೇ ಗಡ್ಡೆಯು ಮೂಡಿತು. 1911ರಲ್ಲಿ ಇದನ್ನು ಪ್ರಕಟಿಸಲಾಗಿ ಪಂಡಿತರು ಸಂಶಯಪಟ್ಟರು. “ಕೋಳಿಯದು ತಾನೆ” ಎಂಬ ತಾತ್ಸಾರವೂ ಇದ್ದಿತು. ಇಲಿ ಮುಂತಾದ ಸ್ತನ್ಯಪ್ರಾಣಿಗಳಲ್ಲಿ ಅದೇ ಫಲವು ದೊರೆಯದಿರಲು ಸ್ವತಃ ರೌಸರೇ ಕೆಲವು ವರ್ಷಗಳಲ್ಲಿ ಆ ಕೆಲಸವನ್ನು ಬಿಟ್ಟರು. ಅವರಿಗೆ ನೊಬೆಲ್ ಪಾರಿತೋಷಕವು ಬಂದದ್ದು 1966ರಲ್ಲಿ. ಆಗ ಅವರ ವಯಸ್ಸು 87. ಲೇಖನವು ಹೊರಬಂದು 55 ವರ್ಷಗಳಾಗಿದ್ದವು.

ಈ ಮಧ್ಯೆ ಕೋಳಿ ಸಾಕಣೆಯು ದೊಡ್ಡ ಉದ್ಯಮವಾಗಿ ಬೆಳೆದು, ಸಾವಿರಾರು ಹಕ್ಕಿಗಳು ಒಂದೇ ಸೂರಿನಡಿ ಸೇರಿದಂತೆಲ್ಲ ರೋಗವೂ ಪ್ರಬಲಿಸಿತು. ಅಮೆರಿಕ ಸರ್ಕಾರವು 1939ರಲ್ಲಿ ಈಸ್ಟ್ ಲ್ಯಾನ್ಸಿಂಗ್ ಎಂಬಲ್ಲಿ ಇದಕ್ಕಾಗಿಯೇ ಪ್ರಯೋಗಶಾಲೆಯನ್ನು ತೆರೆಯಿತು. ಬಹುಕಾಲದವರೆಗೆ ಒಂದೇ ಎಂದು ತಿಳಿದಿದ್ದ ವ್ಯಾಧಿಯು ವಾಸ್ತವದಲ್ಲಿ ಎರಡೆಂದು ಕ್ರಮೇಣ ಸ್ಪಷ್ಟವಾಯಿತು. ಮೊದಲನೆಯದು ಲ್ಯೂಕೋಸಿಸ್, ರೌಸರು ಕಂಡ ವಿಷಾಣುವಿನ ಬಳಗಕ್ಕೆ ಸೇರಿದ ಇದು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಇಳಿಯುವುದು. ಎರಡನೆಯದು ಮಾರೆಕ್ ರೋಗ. ಇದು ಮೊಟ್ಟೆಯ ಮೂಲಕ ಬಾರದು. ರೋಗವುಳ್ಳ ಕೋಳಿಯ ಗರಿಯ ಬುಡದಿಂದ ಉದುರುವ ಹೊಟ್ಟಿನಲ್ಲಿ ಸೇರಿ, ಧೂಳಿನೊಡನೆ ಉಸಿರಾಟದ ಮೂಲಕ ಒಳಹೊಕ್ಕು, ನರಗಳನ್ನು ಕೆಡಿಸಿ ಅಂಗಾಂಗಗಳಲ್ಲಿ ಗಡ್ಡೆಗಳನ್ನೆಬ್ಬಿಸುವುದು. ಒಂದು ಕಾಲು ಮುಂದಕ್ಕೂ ಮತ್ತೊಂದು ಹಿಂದಕ್ಕೂ ಚಾಚಿ ಬೀಳುವುದು ಇದರ ಪ್ರಸಿದ್ಧ ಲಕ್ಷಣ.

1967ರಲ್ಲಿ ಇಂಗ್ಲೆಂಡಿನ ಹೌಟನ್ ಕೇಂದ್ರದ ಚರ್ಚಿಲ್ ಮತ್ತು ಬಿಗ್ಸ್ ಎಂಬವರು ಮಾರೆಕ್ ರೋಗದ ವಿಷಾಣುವನ್ನು ಗುರುತಿಸಿದರು. ಈಸ್ಟ್ ಲ್ಯಾನ್ಸಿಂಗಿನವರೂ ಅದೇ ಸುಮಾರಿನಲ್ಲಿ ಕಂಡರು. ತರುವಾಯ ಟರ್ಕಿ ಕೋಳಿಗಳಲ್ಲಿ ಇದಕ್ಕೆ ಸಂಬಂಧಪಟ್ಟ, ಆದರೆ ನಿರುಪದ್ರವಿಯಾದ ಇನ್ನೊಂದು ವಿಷಾಣುವು ದೊರೆಯಿತು. ಗೋವಿನ ಸಿಡುಬಿನಿಂದ ಮನುಷ್ಯರಿಗೆ ದಾಕು ಹಾಕಿದಂತೆ ಇದನ್ನು ಮರಿಗಳಿಗೆ ಚುಚ್ಚಲಾಗಿ ಅವು ರೋಗವನ್ನು ಗೆದ್ದು ಉಳಿದವು. 1971ರಲ್ಲಿ ಅಮೆರಿಕದಲ್ಲಿ ಈ ಲಸಿಕೆಗೆ ಅನುಮತಿ ದೊರೆಯಿತು. ವ್ಯಾಪಕವಾಗಿ ಬಳಕೆಗೆ ಬಂದ ಲಸಿಕೆಯಿಂದ ಅರ್ಬುದವನ್ನು ತಡೆದದ್ದು ಇದೇ ಮೊದಲು. ಮನುಷ್ಯರಿಗೆ ಯಕೃತ್ತಿನ ಮತ್ತು ಗರ್ಭಕೊರಳಿನ ಅರ್ಬುದಗಳನ್ನು ತಡೆಯುವ ಲಸಿಕೆಗಳು ಇದಾದ ಮೇಲೆ ಬಂದವು.

ಲ್ಯೂಕೋಸಿಸ್‌ಗೆ ಬಳಕೆಯಲ್ಲಿ ಲಸಿಕೆಯಿಲ್ಲ. ತಳಿ ಕೋಳಿಗಳನ್ನು ಪರೀಕ್ಷಿಸಿ, ವಿಷಾಣುವನ್ನು ಹೊತ್ತವುಗಳನ್ನು ತೆಗೆದುಹಾಕಿ, ಶುದ್ಧವಾದವುಗಳ ಮೊಟ್ಟೆಗಳನ್ನು ಮಾತ್ರ ಕಾವಿಗಿಡುವುದೇ ಅದಕ್ಕೆ ಮದ್ದು. ಆದರೂ ಈ ವಿಷಾಣುವಿನ ಬಳಗದಿಂದಲೇ ಮಾನವವೈದ್ಯಕ್ಕೆ ಮಹೋಪಕಾರವಾಯಿತು. ರೌಸರ ವಿಷಾಣುವು ಅರ್ಬುದವನ್ನುಂಟುಮಾಡಲು ಬಳಸುವ ಜೀನು ಹಿಂದೊಮ್ಮೆ ಕೋಳಿಯ ಶರೀರದಿಂದಲೇ ಸೇರಿಕೊಂಡದ್ದೆಂದು 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದರು. ಶತ್ರುವಿನ ಬೀಜವು ಆರೋಗ್ಯವಂತ ಶರೀರದೊಳಗೇ, ನಮ್ಮೊಳಗೂ, ಇರುವುದೆಂದು ಇದರಿಂದ ತಿಳಿಯಬಂದಿತು. ಇದಕ್ಕಾಗಿ ಅವರಿಬ್ಬರಿಗೆ 1989ರ ನೊಬೆಲ್ ಪಾರಿತೋಷಕವು ಸಂದಿತು.

ಹಾಗಾದರೆ ವಿಜಯವು ಪೂರ್ಣವಾಯಿತೆ? ಇಲ್ಲ. ಮಾರೆಕ್ ರೋಗದ ಲಸಿಕೆಯು ಗಡ್ಡೆಯನ್ನು ತಡೆಯುವುದೇ ಹೊರತು ವಿಷಾಣುವಿನ ಪ್ರವೇಶವನ್ನಾಗಲಿ ಪ್ರಸಾರವನ್ನಾಗಲಿ ಪೂರ್ತಿಯಾಗಿ ತಡೆಯದು. ಲಸಿಕೆ ಪಡೆಯದ ಕೋಳಿಗಳು ಅತಿ ಉಗ್ರವಾದ ವಿಷಾಣುವಿನಿಂದ ಬೇಗನೆ ಸತ್ತು, ಅದನ್ನು ಹೆಚ್ಚು ಹರಡಲಾರವು. ಲಸಿಕೆ ಪಡೆದವು ಬದುಕಿ, ವಾರಗಟ್ಟಲೆ ಹರಡುವುವು. ಹೀಗೆಂದು ಆಂಡ್ರ್ಯೂ ರೀಡ್, ವೇಣುಗೋಪಾಲ ನಾಯರ್ ಮೊದಲಾದವರು 2015ರಲ್ಲಿ ತೋರಿಸಿದರು. ಆದುದರಿಂದ ಲಸಿಕೆಯನ್ನು ಬಿಡಬೇಕೆಂದು ಅರ್ಥವಲ್ಲ. ಲಸಿಕೆ ಪಡೆಯದ ಮರಿಯ ಅಪಾಯವೇ ಈಗ ಹೆಚ್ಚಿತೆಂದು ಅರ್ಥ. ಮರಿಯು ಒಡೆದ ಮೊದಲ ದಿನವೇ ಲಸಿಕೆಯಾಗಿರಬೇಕು. ಅದು ಫಲಿಸಲು ಒಂದೆರಡು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ಮರಿಗಳನ್ನು ದೊಡ್ಡ ಕೋಳಿಗಳಿಂದ ದೂರವಿಡಬೇಕು. ಗೂಡಿನ ಧೂಳಿನಲ್ಲಿ ವಿಷಾಣುವು ತಿಂಗಳುಗಟ್ಟಲೆ ಉಳಿಯುವುದರಿಂದ ಹಳೆಯ ಹಾಸನ್ನು ತೆಗೆದು ತೊಳೆದು ಶುದ್ಧಿ ಮಾಡಬೇಕು. ಪೇಟೆಯಿಂದ ಮರಿಗಳನ್ನು ಕೊಳ್ಳುವವರು, ಕೊಕ್ಕರೆ ರೋಗದ ಲಸಿಕೆಯನ್ನು ವಿಚಾರಿಸುವಂತೆ, ಮೊದಲ ದಿನದ ಈ ಲಸಿಕೆಯಾಗಿದೆಯೇ ಎಂಬುದನ್ನೂ ವಿಚಾರಿಸಬೇಕು. ಈ ವಿಷಾಣುಗಳಿಂದ ಮನುಷ್ಯನಿಗೆ ಅರ್ಬುದವು ಬರುವುದೆಂಬುದಕ್ಕೆ ಆಧಾರವು ದೊರೆತಿಲ್ಲವಾದ್ದರಿಂದ ಭಯಪಡಬೇಕಾದುದಿಲ್ಲ.

ಆ ಹುಡುಗನ ಮನೆಯ ಕೋಳಿಗಳನ್ನು ಬಲ್ಲವರು ಯಾರೂ ಪರೀಕ್ಷಿಸಲಿಲ್ಲ. ಅವಕ್ಕೆ ಬಂದದ್ದು ಇದೇ ರೋಗವೆಂದು ನಾನು ನಿಶ್ಚಯವಾಗಿ ಹೇಳಲಾರೆನು. ಆದರೆ ಅವನು ಹೇಳಿದ ಲಕ್ಷಣದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಹೊಳಲೂರಿನಿಂದ ಶಿವಮೊಗ್ಗಕ್ಕೆ ಬಸ್ಸುಗಳಿದ್ದವು, ಅಲ್ಲಿ ಪಶುವೈದ್ಯರಿದ್ದರು. “ನಾಳೆ ಒಂದು ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ತೋರಿಸಿರಿ” ಎಂಬ ಒಂದು ಮಾತು ಸಾಕಾಗಿತ್ತು. ನ್ಯೂಯಾರ್ಕಿನ ವೈದ್ಯನು ರೈತನ ಹೇಂಟೆಯನ್ನು ಕೈಗೆ ತೆಗೆದುಕೊಂಡನು. ನಾನು ಹುಡುಗನ ಪ್ರಶ್ನೆಗೆ ಪರ್ಯಾಯಪದಗಳನ್ನು ಕೊಟ್ಟೆನು. ಆ ತಾಯಿಯು ಆ ವರ್ಷ ಮೊಟ್ಟೆ ಮಾರಿ ಮಗನಿಗೆ ಪುಸ್ತಕಗಳನ್ನು ಕೊಳ್ಳಬೇಕೆಂದಿದ್ದಳೆಂಬುದು ನನಗೆ ಆಮೇಲೆ ತಿಳಿಯಿತು. ಉಪಾಧ್ಯಾಯರಾಗಿರುವ ಕಿರಿಯ ಮಿತ್ರರು ಇದನ್ನು ಓದುವುದಾದರೆ, ಹುಡುಗರು ಕೋಳಿಯ ಮಾತನ್ನೆತ್ತಿದಾಗ ನಗದಿರಲೆಂದು ಪ್ರಾರ್ಥಿಸುತ್ತೇನೆ.