ಮನೆತನದ ಮಧುಮೇಹ

ಮನೆತನದ ಆಸ್ತಿಯ ವಿಚಾರದಲ್ಲಿ ನಾವು ಬಹು ಎಚ್ಚರದ ಜನ. ಅಜ್ಜನ ಹೊಲ ಯಾವ ಸರ್ವೆ ನಂಬರಿನಲ್ಲಿತ್ತು, ಅಜ್ಜಿಯ ಕಾಸಿನ ಸರ ಯಾರ ಪಾಲಿಗೆ ಹೋಯಿತು ಎಂಬುದನ್ನು ಮೂರು ತಲೆಮಾರಿನವರೆಗೆ ಬಿಡಿಸಿ ಹೇಳಬಲ್ಲೆವು. ಆದರೆ ಆ ಅಜ್ಜ ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ಕೇಳಿದರೆ ‘ವಯಸ್ಸಾಗಿತ್ತು’ ಎಂಬುದೊಂದೇ ಉತ್ತರ. ಮಧುಮೇಹದ ಮಟ್ಟಿಗೆ ಈ ಮರೆವು ಅಪಾಯಕರವಾದುದು. ಅದು ಮನೆತನಗಳಲ್ಲಿ ಹರಿದುಬರುವ ರೋಗ; ಆದರೆ ಹರಿದುಬರುವ ಬಗೆ ನಾವು ಎಣಿಸಿದಷ್ಟು ಸರಳವಲ್ಲ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದುದರಿಂದ ಈ ರೋಗದ ತಿಳಿವಳಿಕೆ ಬೆಳೆದುಬಂದ ಚರಿತ್ರೆಯನ್ನೇ ತಮ್ಮ ಮುಂದಿಡುತ್ತೇನೆ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಪ್ರಮೇಹಗಳ ಗುಂಪಿನಲ್ಲಿ ಸೇರಿಸಿದ್ದರು. ಸುಶ್ರುತಸಂಹಿತೆ ಅದರಲ್ಲಿ ಎರಡು ಬಗೆಗಳನ್ನು ಗುರುತಿಸುತ್ತದೆ. ಒಂದು ಸಹಜ, ಎಂದರೆ ತಂದೆತಾಯಿಗಳ ಬೀಜದೋಷದಿಂದ ಬಂದದ್ದು. ಇನ್ನೊಂದು ಅಪಥ್ಯದಿಂದ ಬಂದದ್ದು. ಮೊದಲನೆಯ ರೋಗಿ ಕೃಶ, ಬಾಯಾರಿಕೆಯಿಂದ ಬಳಲುವವನು. ಎರಡನೆಯವನು ಸ್ಥೂಲ, ಬಹಳ ಉಣ್ಣುವವನು, ಹಾಸಿಗೆಯನ್ನೂ ಆಸನವನ್ನೂ ಬಿಟ್ಟೇಳದವನು. ಬಡ ರೋಗಿಯು ಕೊಡೆ ಕೆರಗಳಿಲ್ಲದೆ ನೂರು ಯೋಜನ ನಡೆಯಲಿ, ಹೊಲ ಉಳಲಿ, ಬಾವಿ ತೋಡಲಿ ಎಂಬ ಚಿಕಿತ್ಸೆಯೂ ಅಲ್ಲಿದೆ. ಆದರೆ ಅದರ ಹಿಂದೆಯೇ, ಕೃಶನಾದವನನ್ನು ಮಾತ್ರ ಸದಾ ರಕ್ಷಿಸಬೇಕು ಎಂಬ ಎಚ್ಚರಿಕೆಯೂ ಇದೆ. ಒಂದೇ ಹೆಸರಿನ ರೋಗಕ್ಕೆ ಒಂದೇ ಮದ್ದಲ್ಲ ಎಂಬ ವಿವೇಕ ಅಷ್ಟು ಹಿಂದೆಯೇ ಮೂಡಿತ್ತು.

ಕೃಶನನ್ನು ರಕ್ಷಿಸುವ ಮದ್ದು ದೊರಕಲು 20ನೆಯ ಶತಮಾನ ಬರಬೇಕಾಯಿತು. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಮೇದೋಜೀರಕಾಂಗದ ರಸದಿಂದ ಇನ್ಸುಲಿನ್ ತೆಗೆದರು. 1922ರ ಜನವರಿಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಮೊದಲ ಸೂಜಿ ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಶುದ್ಧಿಗೊಳಿಸಿಕೊಟ್ಟ ಔಷಧಿಯಿಂದ ಸಾವಿನಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡನು. 1936ರಲ್ಲಿ ಲಂಡನ್ನಿನ ಹಿಮ್ಸ್‌ವರ್ತ್ ಎಂಬ ವೈದ್ಯರು, ಕೆಲವು ರೋಗಿಗಳ ದೇಹ ಇನ್ಸುಲಿನ್ನಿಗೆ ಒಡನೆ ಓಗೊಡುತ್ತದೆ, ಇನ್ನು ಕೆಲವರದು ಓಗೊಡುವುದಿಲ್ಲ ಎಂದು ತೋರಿಸಿಕೊಟ್ಟರು. ಇಂದು ನಾವು ಹೇಳುವ ಮೊದಲನೆಯ ಮತ್ತು ಎರಡನೆಯ ಬಗೆಗಳ ವಿಂಗಡಣೆಗೆ ಇದೇ ತಳಹದಿ. ಮೊದಲನೆಯದರಲ್ಲಿ ದೇಹವೇ ತನ್ನ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಕೊಳ್ಳುತ್ತದೆ. ಎರಡನೆಯದರಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಬರಬರುತ್ತಾ ಅದೂ ಸಾಲದೆ ಹೋಗುತ್ತದೆ.

ಇಲ್ಲೊಂದು ಸೋಜಿಗವುಂಟು. ಕೃಶನ ರೋಗ ಬೀಜದಿಂದ, ಸ್ಥೂಲನದು ಊಟದಿಂದ ಎಂದು ಹಿಂದಿನವರು ಬಗೆದಿದ್ದರು. ವಂಶದ ಎಳೆ ಹೆಚ್ಚು ಬಿಗಿಯಾಗಿರುವುದು ಎರಡನೆಯ ಬಗೆಯಲ್ಲೇ ಎನ್ನುತ್ತದೆ ಇಂದಿನ ವಿಜ್ಞಾನ. ತಂದೆತಾಯಿಗಳಲ್ಲಿ ಒಬ್ಬರಿಗೆ ಅದಿದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಸುಮಾರು 40. ಇಬ್ಬರಿಗೂ ಇದ್ದರೆ ಸುಮಾರು 70. ಮೊದಲನೆಯ ಬಗೆಯಲ್ಲಾದರೋ ತಂದೆಗೋ ತಾಯಿಗೋ ಇದ್ದರೂ ಮಕ್ಕಳಿಗೆ ಬರುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆ ರೋಗಿಗಳಲ್ಲಿ ಬಹುಪಾಲು ಜನರ ಮನೆಗಳಲ್ಲಿ ಹಿಂದೆ ಯಾರಿಗೂ ಅದು ಇದ್ದಿರುವುದಿಲ್ಲ.

ಈ ಭೇದ ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಬಳಗದಲ್ಲೇ ಕಂಡಿದ್ದೇನೆ. ಕೋರಮಂಡಲ್‌ನಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳು 11ನೆಯ ವಯಸ್ಸಿನಲ್ಲಿ ಬಿಂದಿಗೆ ನೀರು ಸಾಲದವಳಂತೆ ಕುಡಿಯುತ್ತಿದ್ದಳು, ರಾತ್ರಿ ಮತ್ತೆ ಮತ್ತೆ ಏಳುತ್ತಿದ್ದಳು, ದಿನೇ ದಿನೇ ಸೊರಗುತ್ತಿದ್ದಳು. ‘ನಮ್ಮ ಕಡೆ ಸಕ್ಕರೆ ಕಾಯಿಲೆ ಯಾರಿಗಿದೆ? ಬೇಸಗೆಯ ಬಾಯಾರಿಕೆ’ ಎಂದರು ಹಿರಿಯರು. ಅವಳು ಎಚ್ಚರ ತಪ್ಪಿದ ದಿನ ಆಸ್ಪತ್ರೆಗೆ ಸೇರಿಸಿದರು. ಬದುಕಿಕೊಂಡಳು. ಮನೆಗೆ ಬಂದ ಮೇಲೆ, ಸಿಹಿ ಬಿಟ್ಟು ಕಷಾಯ ಕುಡಿದರೆ ಸೂಜಿ ಏತಕ್ಕೆ ಎಂಬ ಮಾತು ಎದ್ದಿತು. ಅವಳ ತಾಯಿ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಆ ಹುಡುಗಿ ಇಂದು ಇಬ್ಬರು ಮಕ್ಕಳ ತಾಯಿ, ಶಾಲೆಯ ಉಪಾಧ್ಯಾಯಿನಿ. ಮೊದಲನೆಯ ಬಗೆಯಲ್ಲಿ ಇನ್ಸುಲಿನ್ ಔಷಧಿ ಮಾತ್ರವಲ್ಲ, ಅನ್ನ ನೀರಿನಷ್ಟೇ ಅಗತ್ಯ.

ಎರಡನೆಯ ಬಗೆಗೆ ನಮ್ಮ ಮನೆಯೇ ಉದಾಹರಣೆ. ಅಜ್ಜ ಬಂಗಾರಪೇಟೆಯ ಬಳಿ ರಾಗಿ ಬೆಳೆದವರು, ಕೊನೆಯವರೆಗೂ ಕಡ್ಡಿಯಂತಿದ್ದರು. ತಂದೆ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ತೋಡುತ್ತಾ ಹೋದ ಆ ಗಣಿಗಳು ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದವು. ಸುಶ್ರುತ ಹೇಳಿದ ಬಾವಿ ತೋಡುವ ಕೆಲಸ ಇದಕ್ಕಿಂತ ಹೆಚ್ಚಿನದಿರಲಾರದು! ಆ ದುಡಿಮೆಯನ್ನು ಹೊಗಳುವಂತಿಲ್ಲ; ಕಲ್ಲಿನ ದೂಳು ಎಷ್ಟೋ ಜನರ ಶ್ವಾಸಕೋಶಗಳನ್ನು ತಿಂದಿತು. ತಂದೆಗೆ ಮಧುಮೇಹ ಕಂಡದ್ದು ನಿವೃತ್ತಿಯಾದ ಮೇಲೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಊರಿನ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ನನ್ನ ತಮ್ಮನೂ ಅವರಲ್ಲೊಬ್ಬ: ರೈಲಿನಲ್ಲಿ ಕೂತು ಹೋಗಿ, ಕಚೇರಿಯಲ್ಲಿ ಕೂತು, ಮತ್ತೆ ಕೂತೇ ಬರುವುದು. ಅವನಿಗೆ 45ಕ್ಕೆ ರೋಗ ಬಂದಿತು. ಅವನ ಮಗನಿಗೆ 32ಕ್ಕೆ. ಬೀಜ ಅದೇ, ನೆಲ ಬದಲಾಯಿತು.

ಬೀಜ ಮತ್ತು ನೆಲಗಳ ನಡುವೆ ಗರ್ಭವೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕವನ್ನು ದಾಖಲಿಸಿಡುತ್ತಿದ್ದರು. ದಶಕಗಳ ಮೇಲೆ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ಬಿಚ್ಚಿ, ಬೆಳೆದು ನಿಂತ ಅದೇ ಮಕ್ಕಳನ್ನು ಹುಡುಕಿ ಪರೀಕ್ಷಿಸಿದರು. ಮುಂದೆ ಅಲ್ಲಿಯೇ ನಡೆದ ಇನ್ನೊಂದು ಅಧ್ಯಯನದಲ್ಲಿ, ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬೂ ಇನ್ಸುಲಿನ್‌ಗೆ ಮಣಿಯದಿರುವ ಗುಣವೂ ಹೆಚ್ಚೆಂದು ಕಂಡುಬಂದಿತು. ಹೆರಿಗೆಯ ನಂತರ ಮಾಯವಾಗುವ ಆ ಸಕ್ಕರೆಯನ್ನು ಹಗುರವಾಗಿ ಎಣಿಸಬಾರದೆಂದು ಇದರಿಂದ ತಿಳಿಯುತ್ತದೆ. ಅಂಥ ತಾಯಿಗೂ ಮುಂದೆ ರೋಗ ಬರುವ ಸಂಭವ ಹೆಚ್ಚು.

ಹಾಗಾದರೆ ಇದು ಹಣೆಬರಹವೇ? ಅಲ್ಲ. ರೋಗದ ಹೊಸ್ತಿಲಲ್ಲಿದ್ದವರ ಮೇಲೆ ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಊಟ ನಡಿಗೆಗಳ ಬದಲಾವಣೆಯಿಂದಲೇ ಮೂರು ವರ್ಷಗಳಲ್ಲಿ ರೋಗಕ್ಕೆ ಬೀಳುವ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ಬಂದ ಮೇಲೂ ದಾರಿಗಳುಂಟು. 1957ರಲ್ಲಿ ಪ್ಯಾರಿಸ್ಸಿನ ಸ್ಟರ್ನ್ ಎಂಬ ವೈದ್ಯರು ಬಳಕೆಗೆ ತಂದ ಮೆಟ್‌ಫಾರ್ಮಿನ್ ಇಂದಿಗೂ ಪ್ರಮುಖ ಗುಳಿಗೆ. ಹೃದಯ ಮೂತ್ರಪಿಂಡಗಳನ್ನು ಕಾಯುವ ಹೊಸ ಗುಳಿಗೆಗಳೂ ಬಂದಿವೆ. ಒಂದು ಕಾಲಕ್ಕೆ ದನ ಹಂದಿಗಳ ಅಂಗಗಳಿಂದ ತೆಗೆಯುತ್ತಿದ್ದ ಇನ್ಸುಲಿನ್ನನ್ನು 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ತಯಾರಿಸಿ ಮಾರುಕಟ್ಟೆಗೆ ತಂದಿತು. ಎರಡನೆಯ ಬಗೆಯವರಿಗೂ ಮುಂದೆ ಇನ್ಸುಲಿನ್ ಬೇಕಾಗಬಹುದು, ಅದು ಸೋಲಲ್ಲ. ನಮ್ಮ ಕೋಲಾರದ ಕಡೆಯವರಿಗೆ ಒಂದು ಮಾತು: ರಾಗಿ ಒಳ್ಳೆಯದೇ, ಆದರೆ ಮುದ್ದೆಯೂ ಪಿಷ್ಟವೇ. ಮೂರು ಮುದ್ದೆ ಉಂಡು ಅನ್ನ ಬಿಟ್ಟೆನೆಂದರೆ ರಕ್ತ ಒಪ್ಪುವುದಿಲ್ಲ.

ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ: ಯಾರಿಗೆ ಬಂದಿತು, ಯಾವ ವಯಸ್ಸಿನಲ್ಲಿ, ಯಾವ ಬಗೆ, ಯಾರು ಕಣ್ಣು ಕಾಲು ಕಳೆದುಕೊಂಡರು. ಹೆಸರುಗಳಿರುವ ಮನೆಯವರು ಮೂವತ್ತಕ್ಕೇ ರಕ್ತ ಪರೀಕ್ಷೆ ಮಾಡಿಸಲಿ; ಬರಿಹೊಟ್ಟೆಯಲ್ಲಿ 100 ದಾಟಿದರೆ ಎಚ್ಚರ, 126 ಮುಟ್ಟಿದರೆ ವೈದ್ಯರ ಬಾಗಿಲು. ಹೆಸರೇ ಇಲ್ಲದ ಮನೆಯಲ್ಲೂ ಮಗು ಬಾಯಾರಿ ಸೊರಗಿದರೆ ಆ ದಿನವೇ ಪರೀಕ್ಷೆಯಾಗಲಿ. ವಂಶದ ಚರಿತ್ರೆ ಎಚ್ಚರಿಸಬಲ್ಲದು. ತೀರ್ಪು ಕೊಡಲಾರದು, ರಕ್ಷೆಯನ್ನೂ ಕಟ್ಟಲಾರದು.