ಅಡಿಕೆ ಮರದ ತುದಿಯಿಂದ ನೆಲಕ್ಕೆ

ಜೂನ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ. ಶಾಲೆ ಆರಂಭವಾಗುವುದೂ ಆಗಲೇ. ಅಪ್ಪ ಮರ ಹತ್ತುವ ಕೆಲಸಕ್ಕೆ ಹೋಗುವ ಮಕ್ಕಳು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಮಳೆ ಜೋರಾದಾಗ ಆ ಮಕ್ಕಳ ಗಮನ ಪಾಠದಲ್ಲಿ ಇರುವುದಿಲ್ಲವೆಂಬುದನ್ನು ನಾವು ಬಲ್ಲೆವು. ಕೃಷಿಯ ಸುಧಾರಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಳುವರಿಯ ಲೆಕ್ಕದಲ್ಲಿ ಬರೆಯುತ್ತಾರೆ. ಅದನ್ನೇ ಪ್ರಾಣದ ಲೆಕ್ಕದಲ್ಲಿ ನೋಡಿದರೆ ಹೇಗಿರುತ್ತದೆ?

ಹಿಂದೆ ಕೊಳೆರೋಗಕ್ಕೆ ಇದ್ದ ಉಪಾಯವೆಂದರೆ ಗೊನೆಗೆ ಅಡಿಕೆ ಹಾಳೆಯ ಕೊಟ್ಟೆ ಕಟ್ಟುವುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೊ ದ್ರಾವಣ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ, ಅಡಿಕೆಯನ್ನು ಉಳಿಸಿತು. ಆದರೆ ಈ ಮದ್ದನ್ನು ಮಳೆಗಾಲದ ಮೊದಲು ಒಮ್ಮೆ ಬಿಟ್ಟರೆ ಸಾಲದು. ಸುಮಾರು 40-45 ದಿನಗಳ ಬಳಿಕ ಇನ್ನೊಮ್ಮೆ ಬಿಡಬೇಕು. ಆಗ ನಟ್ಟನಡು ಮಳೆಗಾಲ, ಮರವೆಲ್ಲ ಪಾಚಿ. ಕಾಲಿಗೆ ತಳೆ ಹಾಕಿಕೊಂಡು ಅದೇ ಮರವನ್ನು ಮನುಷ್ಯನೇ ಏರಬೇಕು. ಬೆಳೆಗೆ ಬಂದ ರಕ್ಷಣೆ ಅವನಿಗೆ ಬರಲಿಲ್ಲ.

50 ಅಡಿ ಎತ್ತರದಿಂದ ಬಿದ್ದವನು ಎರಡು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆಗಿನ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಒಂದು ಮರದಿಂದ ಇಳಿದು ಇನ್ನೊಂದನ್ನು ಹತ್ತುವ ಶ್ರಮ ತಪ್ಪಿಸಲು ನುರಿತವರು ಮೇಲಿನಿಂದಲೇ ಪಕ್ಕದ ಮರವನ್ನು ಎಳೆದು ದಾಟುತ್ತಾರೆ. ನೋಡುವವರು ಬೆರಗಾಗುವ ಈ ಕೌಶಲ್ಯಕ್ಕೆ ಟೊಳ್ಳು ಬಿದ್ದ ಒಂದು ಮರ ಸಾಕು.

ತೆಂಗಿನ ವಿಷಯದಲ್ಲಿ ಪರಿಹಾರ ಮೊದಲು ಬಂತು. ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಅವರು ಮರ ಹತ್ತುವ ಸಾಧನವೊಂದನ್ನು ರೂಪಿಸಿದರು. ಎರಡು ಚೌಕಟ್ಟು, ಎರಡು ತಂತಿ ಹಗ್ಗ. ಒಂದೊಂದೇ ಕಾಲನ್ನು ಎತ್ತುತ್ತಾ ಮೇಲೇರುವುದು. ಆದರೆ ಮೇಲೆ ಹೋದವನ ಕೈ ಜಾರಿದರೆ? ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಈ ಸಾಧನಕ್ಕೆ ಸುರಕ್ಷತಾ ಜೋಡಣೆಯನ್ನು ಸೇರಿಸಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಆರಂಭಿಸಿ, ಯಂತ್ರದ ಜತೆಗೆ ವಿಮೆಯನ್ನೂ ಕೊಟ್ಟಿತು. ಅಡಿಕೆಗೆ ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ಕುಳಿತು ಏರುವ ಎಂಜಿನ್ ಯಂತ್ರ ಮಾಡಿದರು. 2019ರಲ್ಲಿ ಅದು ದೇಶದ ಗಮನ ಸೆಳೆಯಿತು.

ಹತ್ತುವುದನ್ನೇ ನಿಲ್ಲಿಸಿದ್ದು ದೋಟಿ. ಬಿದಿರಿನ ದೋಟಿ ಗಿಡ್ಡ ಮರಗಳಿಗೆ ಮಾತ್ರ ಸಾಲುತ್ತಿತ್ತು. ಅಲ್ಯೂಮಿನಿಯಂ ದೋಟಿ ಎತ್ತರಕ್ಕೆ ಹೋಯಿತು. ಈಚೆಗೆ ಬಂದ ಕಾರ್ಬನ್ ಫೈಬರ್ ದೋಟಿ ಇನ್ನೂ ಹಗುರ. ಕೃಷಿಕ ನೆಲದಲ್ಲಿ ನಿಂತೇ ಗೊನೆ ಕೊಯ್ಯುತ್ತಾನೆ, ಮದ್ದು ಬಿಡುತ್ತಾನೆ. ಬೀಳುವ ಭಯ ಹೋಯಿತು. ಇದು ದೊಡ್ಡ ಲಾಭವೇ ಸರಿ.

ಆದರೆ ನಮ್ಮ ತೋಟಗಳ ನಡುವೆ ವಿದ್ಯುತ್ ತಂತಿಗಳಿವೆ. ಅವುಗಳಲ್ಲಿ 11,000 ವೋಲ್ಟಿನವೂ ಇವೆ. ಅಲ್ಯೂಮಿನಿಯಂ ವಿದ್ಯುತ್ ವಾಹಕವೆಂದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಆದರೂ ತಲೆಯೆತ್ತಿ ಗೊನೆಯನ್ನೇ ನೋಡುವವನಿಗೆ ತಂತಿ ಕಾಣುವುದಿಲ್ಲ. ಕಾರ್ಬನ್ ಫೈಬರ್ ಲೋಹವಲ್ಲ, ಹಾಗಾಗಿ ಭಯವಿಲ್ಲ ಎಂಬ ಮಾತನ್ನು ನಾವು ಕೇಳಿದ್ದೇವೆ. ಇದು ತಪ್ಪು. ಕಾರ್ಬನ್ ನಾರೂ ವಿದ್ಯುತ್ ವಾಹಕವೇ. ಒದ್ದೆಯಾದ ಬಿದಿರನ್ನೂ ನಂಬುವಂತಿಲ್ಲ. ಮರದ ತುದಿಯಲ್ಲಿದ್ದ ಸಾವು ಹೀಗೆ ದೋಟಿಯ ತುದಿಗೆ ಬಂದು ಕುಳಿತಿದೆ.

ಹಾಗೆಂದು ದೋಟಿಯನ್ನು ಬಿಟ್ಟು ಮರಳಿ ಮರ ಹತ್ತಬೇಕೆಂದು ನಾವು ಹೇಳುವುದಿಲ್ಲ. ಹಳೆಯ ಕೆಲಸದ ಅಪಾಯ ಎಲ್ಲಿದೆಯೆಂದು ಮರ ಹತ್ತುವವನಿಗೆ ಅವನ ಹಿರಿಯರು ಕಲಿಸಿದ್ದರು. ಹೊಸ ಸಾಧನದ ಅಪಾಯವನ್ನು ಕಲಿಸುವ ಹಿರಿಯರಿಲ್ಲ. ಅದನ್ನು ಮಾರುವವರು, ತರಬೇತಿ ಕೊಡುವವರು, ನಮ್ಮಂತಹ ಅಧ್ಯಾಪಕರು ಹೇಳಿಕೊಡಬೇಕು. ಪಾಠ ಚಿಕ್ಕದು: ದೋಟಿ ಎತ್ತುವ ಮೊದಲು ತಂತಿಯನ್ನು ನೋಡಿ. ದೋಟಿ ಯಾವ ಕಡೆಗೆ ವಾಲಿದರೂ ತಂತಿಗೆ ತಾಗದಷ್ಟು ದೂರವಿರಲಿ. ತಂತಿಯ ಹತ್ತಿರದ ಮರವಾದರೆ ವಿದ್ಯುತ್ ಕಚೇರಿಗೆ ತಿಳಿಸಿ, ಲೈನು ನಿಲ್ಲಿಸಿದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೈಹಾಕಿ. ದೋಟಿಯನ್ನು ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ನಡೆಯಬೇಡಿ.

ಈ ಬಾರಿ ವಿದ್ಯುತ್ ವಾಹಕಗಳ ಪಾಠ ಮಾಡುವಾಗ ತಾಮ್ರ, ಅಲ್ಯೂಮಿನಿಯಂ ಜತೆಗೆ ದೋಟಿಯ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯೋಣ. ಮಕ್ಕಳು ಸಂಜೆ ಮನೆಗೆ ಹೋಗಿ ಅಪ್ಪನಿಗೆ ಹೇಳಿಯಾರು.