ಕೊಲ್‌ಬೋಟ್ನ್‌ನ ಹುಡುಗರು

ಸಂಚಿಕೆಯ ಸಮಿತಿಯವರು ‘ನೀವಿರುವ ಊರಿನ ಹೆಮ್ಮೆಯ ಬಗ್ಗೆ ಬರೆದುಕೊಡಿ’ ಎಂದಾಗ ನಾನು ತಡಮಾಡದೆ ಡಾರ್ಕ್‌ಥ್ರೋನ್ ತಂಡದ ಹೆಸರು ಹೇಳಿದೆ. ಓಸ್ಲೋದಿಂದ ದಕ್ಷಿಣಕ್ಕೆ ಲೋಕಲ್ ರೈಲು ಹತ್ತಿದರೆ ಬೇಗನೆ ಸಿಗುವ ನಮ್ಮ ಪುಟ್ಟ ಕೊಲ್‌ಬೋಟ್ನ್ ಹೆಸರನ್ನು ಲೋಕದ ಮೆಟಲ್ ಕೇಳುಗರ ಬಾಯಲ್ಲಿ ನಿಲ್ಲಿಸಿದವರು ಅವರೇ.

1986ರ ಕೊನೆಗೆ ಗಿಲ್ವೆ ನಾಗೆಲ್, ಈವಾರ್ ಎಂಗರ್, ಆಂಡರ್ಸ್ ರಿಸ್‌ಬರ್ಗೆಟ್ ಎಂಬ ಶಾಲಾ ಹುಡುಗರು ‘ಬ್ಲ್ಯಾಕ್ ಡೆತ್’ ಎಂಬ ತಂಡ ಕಟ್ಟಿದರು. ಮರುವರ್ಷ ಅದೇ ಡಾರ್ಕ್‌ಥ್ರೋನ್ ಆಯಿತು. ಡಾಗ್ ನಿಲ್ಸೆನ್ ಬೇಸ್ ಗಿಟಾರ್ ಹಿಡಿದರು. 1988ರಲ್ಲಿ ಟೆಡ್ ಶೆಲ್ಲುಮ್ ಬಂದು ಕೂಡಿಕೊಂಡರು. ಎರಡೇ ವರ್ಷದಲ್ಲಿ ನಾಲ್ಕು ಡೆಮೊ ಹೊರಬಂದವು. ಕ್ಯಾಸೆಟ್ಟಿಗೆ ಕ್ಯಾಸೆಟ್ಟು ನಕಲು ಮಾಡಿ, ಅಂಚೆಗೆ ಹಾಕಿ, ಉತ್ತರಕ್ಕಾಗಿ ಕಾಯುವ ಕಾಲ ಅದು. ಕೊನೆಯ ಡೆಮೊ ‘ಕ್ರೊಮ್ಲೆಕ್’ ಇಂಗ್ಲೆಂಡಿನ ಪೀಸ್‌ವಿಲ್ ಕಂಪನಿಯ ಬಾಗಿಲು ತೆರೆಯಿತು. 1990ರಲ್ಲಿ ಹುಡುಗರು ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೊಗೆ ಹೋಗಿ ‘ಸೋಲ್‌ಸೈಡ್ ಜರ್ನಿ’ ಮುದ್ರಿಸಿದರು. ಅದು ಲಯವನ್ನು ಮತ್ತೆ ಮತ್ತೆ ಮುರಿದು ಕಟ್ಟುವ, ಕೈಚಳಕದ ಡೆತ್ ಮೆಟಲ್.

ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಅವರು 1991ರಲ್ಲಿ ಕೈಬಿಟ್ಟರು. ಮುಂದಿನ ಆಲ್ಬಮ್ಮಿಗೆಂದು ಹೊಸೆದಿದ್ದ ಹಾಡುಗಳನ್ನು ಬದಿಗಿಟ್ಟು, ಬಾಥೊರಿ, ಕೆಲ್ಟಿಕ್ ಫ್ರಾಸ್ಟ್ ತಂಡಗಳ ಒರಟುತನದ ಕಡೆ ತಿರುಗಿದರು. ಆಗಸ್ಟಿನಲ್ಲಿ ನಮ್ಮೂರಿನ ಕ್ರಿಯೇಟಿವ್ ಸ್ಟುಡಿಯೊದಲ್ಲೇ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ ತಯಾರಾಯಿತು. ನೆರೆಯ ಲಾಂಗ್‌ಹುಸ್‌ನ ಮೇಹೆಮ್ ತಂಡ 1987ರಲ್ಲಿ ‘ಡೆತ್‌ಕ್ರಶ್’ ಮುದ್ರಿಸಿದ್ದೂ ಇಲ್ಲೇ. ಡಾರ್ಕ್‌ಥ್ರೋನ್‌ನ ಹೊಸ ಆಲ್ಬಮ್ಮಿನಲ್ಲಿ ಗಿಟಾರು ಗರಗಸದಂತೆ ಕೊರೆಯಿತು, ದನಿ ಸೀಳಿಕೊಂಡು ಬಂತು. ಕಂಪನಿ ಹಿಂಜರಿಯಿತು, ಹುಡುಗರು ಜಗ್ಗಲಿಲ್ಲ. 1992ರ ಫೆಬ್ರವರಿಯಲ್ಲಿ ಆಲ್ಬಮ್ ಹೊರಬಂತು. ಈ ತಿರುವು ಒಪ್ಪದ ನಿಲ್ಸೆನ್ ತಮ್ಮ ಪಾಲಿನ ಬೇಸ್ ನುಡಿಸಿಕೊಟ್ಟೇ ಹೊರನಡೆದರು. ಆ ದೊಡ್ಡಗುಣವನ್ನು ಇಲ್ಲಿ ನೆನೆಯಲೇಬೇಕು.

‘ಅಂಡರ್ ಎ ಫ್ಯೂನರಲ್ ಮೂನ್’ (1993) ಬಳಿಕ ಎಂಗರ್ ಕೂಡ ದೂರವಾದರು. ಆ ವರ್ಷಗಳಲ್ಲಿ ನಾರ್ವೆಯ ಮೆಟಲ್ ಬಳಗದಲ್ಲಿ ಆಗಬಾರದ್ದು ಆಯಿತು, ಆಡಬಾರದ ಮಾತುಗಳೂ ಬಂದವು. ಸಂಭ್ರಮದ ಸಂಚಿಕೆಯಲ್ಲಿ ಅವನ್ನು ಕೆದಕುವುದು ಬೇಡ.

‘ಟ್ರಾನ್ಸಿಲ್ವೇನಿಯನ್ ಹಂಗರ್’ (1994) ಕುರಿತು ಮಾತ್ರ ಎರಡು ಮಾತು ಹೆಚ್ಚಿಗೆ ಹೇಳುವೆ. ‘ಫೆನ್‌ರಿಜ್’ ಎಂದೇ ಹೆಸರಾದ ನಾಗೆಲ್ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ವಾದ್ಯಗಳನ್ನೆಲ್ಲ ಒಬ್ಬರೇ ನುಡಿಸಿ ಮುದ್ರಿಸಿದರು. ಶೆಲ್ಲುಮ್ ದನಿ ಕೊಟ್ಟರು. ನಮ್ಮ ರಾಜ್ಯೋತ್ಸವದ ಹಾಡುಗಳನ್ನು ವರ್ಷಗಟ್ಟಲೆ ಅಂಥದ್ದೇ ಯಂತ್ರದಲ್ಲಿ ಹಿಡಿದಿಟ್ಟವನು ನಾನು. ಟೇಪಿನ ಸುಯ್ಲನ್ನು ಒರೆಸಿ ಹಾಕಲು ಎಷ್ಟು ಒದ್ದಾಡಿದ್ದೇನೆ! ಇವರು ಆ ಸುಯ್ಲನ್ನೇ ಚಳಿಗಾಲದ ಗಾಳಿಯಾಗಿಸಿದರು. ನನ್ನ ಕಿವಿಗೆ ಅವರ ಸಾಧನೆಗಳಲ್ಲೆಲ್ಲ ಇದೇ ಹಿರಿದು.

ಮುಂದಿನ ದಶಕಗಳು ಸದ್ದಿಲ್ಲದೆ ಸರಿದವು. ಒಂದರ ಹಿಂದೊಂದು ಆಲ್ಬಮ್ ಬಂದವು. 2006ರ ಹೊತ್ತಿಗೆ ಪಂಕ್ ಸಂಗೀತದ ಗಾಳಿಯೂ ಸೋಕಿತು. ನಾಗೆಲ್, ಶೆಲ್ಲುಮ್ ಇಬ್ಬರೂ ವೇದಿಕೆಯ ಹಂಗು ತೊರೆದರು. ಫೆನ್‌ರಿಜ್ ಅಂಚೆ ಇಲಾಖೆಯಲ್ಲಿ ದುಡಿಯುತ್ತಲೇ ಸಂಗೀತ ಮಾಡಿದರು.

ಕಂಪನಿ ಅನುಮಾನಿಸಿದ್ದ ಆ 1992ರ ಆಲ್ಬಮ್ಮನ್ನು ನಾರ್ವೆಯ ರಾಷ್ಟ್ರೀಯ ಗ್ರಂಥಾಲಯ ತನ್ನ ಕಾಯಂ ಪ್ರದರ್ಶನಕ್ಕೆ ಆರಿಸಿಕೊಂಡಿದೆ. ಊರಿನಿಂದ ಬಂದ ನೆಂಟರನ್ನು ಕರೆದೊಯ್ದು ತೋರಿಸುವಾಗ ನಾನು ತಪ್ಪದೆ ಹೇಳುತ್ತೇನೆ: ‘ಇದು ನಮ್ಮ ಬೀದಿಗಳಲ್ಲಿ ಓಡಾಡಿದ ಹುಡುಗರು ಮಾಡಿದ್ದು.’